ದಾದಾ ಹೇಳಿಕೊಟ್ಟ ಬಿಸಿಲು

ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡಲು ಕೈಯ ಹಿಂಬದಿಯನ್ನು ಹಣೆಗೆ ತಾಗಿಸುತ್ತೇವಲ್ಲ, ಅವರು ನಮ್ಮ ತಾರಸಿಯ ಸೋಲಾರ್ ಪ್ಯಾನೆಲ್‌ಗಳನ್ನು ಹಾಗೆ ಮುಟ್ಟಿ ನೋಡುತ್ತಿದ್ದರು. ಸೋಪಿನ ನೀರಿಗೆ ಗೆಣ್ಣುಗಳ ಮೇಲೆ ಚರ್ಮ ಬಿರಿದಿದ್ದ ಉದ್ದನೆಯ ಕೈ. ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಗಾಜಿನ ಮೇಲೆ ಕೈಯಿಟ್ಟು, "ಇನ್ನೂ ತಣ್ಣಗಿದೆ, ಈಗಲೇ ಒರೆಸಬೇಕು" ಎಂದು ಬಕೆಟ್ ಎತ್ತಿಕೊಳ್ಳುತ್ತಿದ್ದರು. ಬಿಸಿಲೇರಿ ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು ಎಂದು ಪ್ಯಾನೆಲ್ ಕೂರಿಸಿದವರು ನಮಗೆ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವರು ಅವರು. ನೈರೋಬಿಯಲ್ಲಿ ಮನೆಗೆಲಸದ ಹೆಂಗಸರನ್ನು ದಾದಾ ಎಂದು ಕರೆಯುತ್ತಾರೆ. ಸ್ವಾಹಿಲಿಯಲ್ಲಿ ಅಕ್ಕ ಎಂದ ಹಾಗೆ. ಬೆಂಗಳೂರಿನಿಂದ ಬಂದ ಹೊಸತರಲ್ಲಿ ನಮಗೆ ಅದೊಂದು ತಮಾಷೆ. "ದಾದಾ ಬಂದಳಾ? ಹಫ್ತಾ ಕೇಳಿದಳಾ?" ಎಂದು ನಮ್ಮ ಯಜಮಾನರು ಫ್ಯಾಕ್ಟರಿಯಿಂದ ಫೋನು ಮಾಡಿ ನಗುತ್ತಿದ್ದರು. ದಾದಾ ನನ್ನನ್ನು ಕರೆಯುತ್ತಿದ್ದುದು ‘ಮಾಮಾ ಧ್ರುವ’ ಎಂದು, ಧ್ರುವನ ತಾಯಿ. ಒಬ್ಬಳು ದಾದಾ, ಇನ್ನೊಬ್ಬಳು ಮಾಮಾ, ಒಳ್ಳೆ ಮನೆ ಕಣೇ ನಿಂದು ಎಂದು ಮೈಸೂರಿನಿಂದ ನನ್ನಮ್ಮ ರೇಗಿಸುತ್ತಿದ್ದಳು. ಆಗೆಲ್ಲ ಅವರ ವಿಷಯ ಬಂದರೆ ನಾನು ‘ಅವಳು’ ಎಂದೇ ಅನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಇಲ್ಲಿ ‘ಅವರು’ ಎಂದು ಬರೆಯುತ್ತಿದ್ದೇನೆ. ತಡವಾಗಿ ಬಂದ ಮರ್ಯಾದೆ ಇದು.

ನಮಗಿಂತ ಮುಂಚೆ ಅವರು ಇದೇ ಊರಿನ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಉಡುಪಿ ಕಡೆಯವರೊಬ್ಬರ ಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ಹಾಗಾಗಿ ಕನ್ನಡ ಅರ್ಥವಾಗುತ್ತಿತ್ತು, ಬೇಕಾದಷ್ಟು ಮಾತೂ ಬರುತ್ತಿತ್ತು. "ಉಪ್ಪು ಕಡಿಮೆ", "ಸಾಕು ಬಿಡಿ", "ಬೇಗ ಬೇಗ" ಇವನ್ನೆಲ್ಲ ಥೇಟ್ ನಮ್ಮ ಹಾಗೇ ಹೇಳುತ್ತಿದ್ದರು. ನಮ್ಮಿಬ್ಬರ ಮಾತು ಕನ್ನಡ, ಇಂಗ್ಲಿಷ್, ಸ್ವಾಹಿಲಿ ಮೂರನ್ನೂ ಕಲಸಿದ್ದು. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಸೌತ್ ಸಿ ಬಡಾವಣೆಯಲ್ಲಿ ನಮ್ಮದು ಸಣ್ಣ ಮಹಡಿ ಮನೆ. ಇಲ್ಲಿ ಕರೆಂಟಿಗೆ ಮೊದಲೇ ದುಡ್ಡು ಕಟ್ಟಬೇಕು. ಫೋನಿಗೆ ಟೋಕನ್ ನಂಬರ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಇಡ್ಲಿ ಬೇಯುತ್ತಿರುವಾಗ ಮೀಟರು ಕಿಂಯ್ ಕಿಂಯ್ ಎನ್ನತೊಡಗಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆ ಕಾಟ ತಪ್ಪಲಿ ಎಂದೇ ಉಳಿತಾಯದ ದುಡ್ಡು ಸುರಿದು ತಾರಸಿಯಲ್ಲಿ ಪ್ಯಾನೆಲ್ ಹಾಕಿಸಿದ್ದು. ಬ್ಯಾಟರಿ ದುಬಾರಿ ಎಂದು ಚಿಕ್ಕದೊಂದನ್ನು ತಂದೆವು, ದೀಪಕ್ಕೆ, ವೈಫೈಗೆ ಸಾಕಾಗುವಷ್ಟು. ಎರಡು ತಿಂಗಳಾಯಿತು. ಟೋಕನ್ ಖರ್ಚು ಇಳಿಯಲೇ ಇಲ್ಲ.

"ಸರಿಯಾಗಿ ಟೋಪಿ ಹಾಕಿದ್ದಾರೆ ನಮಗೆ. ಕಂಪ್ಲೇಂಟ್ ಮಾಡ್ತೀನಿ ನೋಡ್ತಿರು" ಎಂದು ಒಂದು ಬೆಳಗ್ಗೆ ಯಜಮಾನರು ತಿಂಡಿ ತಿನ್ನುತ್ತಾ ಕೂಗಾಡಿದರು. ಅವರು ಹೊರಟ ಮೇಲೆ ದಾದಾ ತಟ್ಟೆ ತೆಗೆಯುತ್ತಾ, "ಮಾಮಾ, ಒಂದು ಹೇಳಲಾ?" ಎಂದರು. "ಪ್ಯಾನೆಲ್ ಕೆಲಸ ಮಾಡ್ತಿದೆ. ನೀವೇ ಮಾಡ್ತಿಲ್ಲ."

ನನಗೆ ಸಿಟ್ಟು ಬಂತು. ಅವರು ನನ್ನ ಮುಖ ನೋಡದೆ ಬೆರಳು ಮಡಿಸಿದರು. ಬೆಳಕು ಹರಿಯುವ ಮುಂಚೆ ಗೀಸರ್. ಆರು ಗಂಟೆಗೆ ನೀರಿನ ಪಂಪು. ಸಂಜೆ ದೀಪ ಹಚ್ಚಿದ ಮೇಲೆ ಇಸ್ತ್ರಿ. ಊಟಕ್ಕೆ ಮುಂಚೆ ದೋಸೆ ಹಿಟ್ಟಿಗೆ ಗ್ರೈಂಡರು. "ಬಿಸಿಲು ಬರೋ ಹೊತ್ತಿಗೆ ನಿಮ್ಮ ಮನೇಲಿ ಏನೂ ಓಡಲ್ಲ. ಅದು ಸುಮ್ಮನೆ ಬಂದು ಹೋಗುತ್ತೆ. ಬಟ್ಟೆ ಥರ ಮಡಿಸಿ ಬೀರುನಲ್ಲಿ ಇಡೋಕಾಗುತ್ತಾ ಬಿಸಿಲನ್ನ?"

"ನಿನಗೆ ಇದೆಲ್ಲ ಹೇಗೆ ಗೊತ್ತು?" ಎಂದೆ.

ಕಿಟುಯಿ ಎಂಬ ಒಣ ಸೀಮೆಯವರು ಅವರು. ಊರಿನಲ್ಲಿ ಅವರ ತಾಯಿಯ ತಗಡಿನ ಮಾಡಿನ ಮೇಲೆ ಊಟದ ತಟ್ಟೆಯಷ್ಟಗಲದ ಒಂದು ಪ್ಯಾನೆಲ್ ಇತ್ತಂತೆ. ಎರಡು ದೀಪ, ಒಂದು ರೇಡಿಯೋ, ಅಕ್ಕಪಕ್ಕದವರ ಫೋನುಗಳು, ಎಲ್ಲ ಅದರಲ್ಲೇ ನಡೆಯಬೇಕು. ಯಾವುದು ಯಾವಾಗ ಎಂದು ತಾಯಿ ಗೆರೆ ಎಳೆದಿಟ್ಟಿದ್ದಳು. ಹಗಲಲ್ಲಿ ಮರೆತು ದೀಪ ಉರಿಸಿದರೆ ಬೆನ್ನಿಗೆ ಬೀಳುತ್ತಿತ್ತು. "ನಿಮ್ಮದು ದೊಡ್ಡದು. ಅದಕ್ಕೇ ನಿಮಗೆ ಗೊತ್ತಾಗಲ್ಲ" ಎಂದು ನಕ್ಕರು.

ಮಾರನೆಯ ದಿನದಿಂದ ಮನೆಯ ಕೆಲಸವೆಲ್ಲ ಜಾಗ ಬದಲಿಸಿತು. ಹತ್ತಕ್ಕೆ ಪಂಪು. ಹನ್ನೊಂದಕ್ಕೆ ಗೀಸರ್, ಬಿಸಿನೀರು ಸಂಜೆ ಸ್ನಾನದವರೆಗೂ ಟ್ಯಾಂಕಿನಲ್ಲಿ ಹಾಗೇ ಇರುತ್ತಿತ್ತು. ನೆತ್ತಿಯ ಮೇಲೆ ಸೂರ್ಯ ಬಂದಾಗ ಇಸ್ತ್ರಿ. ಅದಾದ ಮೇಲೆ ಗ್ರೈಂಡರು. ಎರಡನ್ನೂ ಒಟ್ಟಿಗೆ ಹಾಕಲು ಅವರು ಬಿಡುತ್ತಿರಲಿಲ್ಲ. ಬೆಳಗ್ಗೆ ಬಂದವರೇ ತಾರಸಿಗೆ ಹತ್ತಿ ಗಾಜು ಒರೆಸಿ, ನ್ಗಾಂಗ್ ಬೆಟ್ಟದ ಕಡೆ ನೋಡುತ್ತಿದ್ದರು. ಬೆಟ್ಟದ ಬೆನ್ನಿನ ಮೇಲೆ ಮೋಡ ಕೂತಿದ್ದರೆ, "ಇವತ್ತು ಇಸ್ತ್ರಿ ಬೇಡ, ನಾಳೆ" ಎಂದು ಕೆಳಗಿಳಿಯುತ್ತಿದ್ದರು. ಜುಲೈ ತಿಂಗಳ ಮೋಡ ಮುಚ್ಚಿದ ದಿನಗಳಲ್ಲಂತೂ ಮಗನ ಯೂನಿಫಾರ್ಮ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸುಕ್ಕಾಗಿಯೇ ಓಡಾಡಬೇಕು. ಮೂರು ತಿಂಗಳಾಗುವಷ್ಟರಲ್ಲಿ ನಾನು ಟೋಕನ್ ಕೊಳ್ಳುವುದನ್ನೇ ಮರೆಯುವಂತಾಯಿತು. ಯಜಮಾನರು ಕಂಪ್ಲೇಂಟಿನ ಮಾತು ಬಿಟ್ಟರು.

ನಾನು ಆ ವೇಳಾಪಟ್ಟಿಯನ್ನು ಕಂಪ್ಯೂಟರಿನಲ್ಲಿ ಚಂದವಾಗಿ ಟೈಪು ಮಾಡಿ, ಬಣ್ಣ ಹಾಕಿ, ಲ್ಯಾಮಿನೇಟ್ ಮಾಡಿಸಿ ಫ್ರಿಡ್ಜಿಗೆ ಅಂಟಿಸಿದೆ. ಅದರಲ್ಲಿ ನನ್ನದು ಬಣ್ಣ ಮಾತ್ರ.

ಒಂದು ಭಾನುವಾರ ಇಲ್ಲಿನ ನಾಲ್ಕೈದು ಕನ್ನಡ ಕುಟುಂಬಗಳು ನಮ್ಮ ಮನೆಯಲ್ಲಿ ಸೇರಿದ್ದವು. ಕೈ ಸಾಲದು ಎಂದು ದಾದಾಗೆ ಬರಹೇಳಿದ್ದೆ. ಟೆಲಿಕಾಂ ಕಂಪನಿಯವರೊಬ್ಬರು ಫ್ರಿಡ್ಜಿನ ಮುಂದೆ ನಿಂತು ಪಟ್ಟಿಯನ್ನು ಓದಿ, "ಸೂಪರ್ ಆಗಿದೆ ಮೇಡಂ! ಯಾರು ಮಾಡಿದ್ದು ಇದನ್ನ?" ಎಂದರು.

"ನಾನೇ ಕೂತು ಲೆಕ್ಕ ಹಾಕಿ ಮಾಡಿದೆ" ಎಂದೆ.

ಅದೇ ಹೊತ್ತಿಗೆ ದಾದಾ ಕಾಫಿ ಲೋಟಗಳ ಟ್ರೇ ಹಿಡಿದು ಬಾಗಿಲಲ್ಲಿದ್ದರು. ನನ್ನ ಮಾತು ಅಚ್ಚ ಕನ್ನಡದಲ್ಲಿತ್ತು, ಅವರಿಗೆ ಅರ್ಥವಾಗದ ಪದ ಅದರಲ್ಲಿ ಒಂದೂ ಇರಲಿಲ್ಲ. ಟ್ರೇ ಅಲುಗಲಿಲ್ಲ. ಎಲ್ಲರ ಮುಂದೆ ಬಗ್ಗಿ ಕಾಫಿ ಕೊಟ್ಟು, ನನ್ನ ಹತ್ತಿರ ಬಂದಾಗ, "ಸಕ್ಕರೆ ಸಾಕಾ ಮಾಮಾ?" ಎಂದು ಕನ್ನಡದಲ್ಲಿ ಕೇಳಿದರು. ಸಾಕು ಎಂದೆ. ಅವರ ಕಣ್ಣನ್ನು ನೋಡಲಿಲ್ಲ.

ಅಲ್ಲಿಂದ ನಾನು ಸೋಲಾರ್ ಅಕ್ಕ ಆದೆ. ಗಿಗಿರಿಯ ದೊಡ್ಡ ಮನೆಗಳಿಂದಲೂ ಫೋನು ಬರತೊಡಗಿತು. ಎಲ್ಲರಿಗೂ ಬಿಸಿಲನ್ನು ಮಡಿಸಿಡಲಾಗದು ಎಂದು ಹೇಳುತ್ತಿದ್ದೆ, ನನ್ನದೇ ಮಾತೆಂಬಂತೆ. ಹೊಗಳಿಕೆ ಹೆಚ್ಚಿದಷ್ಟೂ ಇನ್ನೇನು ಉಳಿಸಬಹುದು ಎಂಬ ಹುಚ್ಚೂ ಹೆಚ್ಚಿತು. ಮಧ್ಯಾಹ್ನದ ಕರೆಂಟು ಇನ್ನೂ ಮಿಗುತ್ತಿದೆಯಲ್ಲ, ದಂಡವಾಗಬಾರದು ಎಂದು ಬಟ್ಟೆ ಒಗೆಯುವ ಮೆಷಿನ್ ತಂದೆ. ಆಮೇಲೆ ಪಾತ್ರೆ ತೊಳೆಯುವ ಮೆಷಿನ್. ಎರಡನ್ನೂ ಯಾವ ಹೊತ್ತಿಗೆ ಓಡಿಸಬೇಕೆಂದು ತೋರಿಸಿಕೊಟ್ಟವರೂ ದಾದಾ ಅವರೇ. ಮೆಷಿನ್ ತಿರುಗುವಾಗ ಕೈ ಖಾಲಿ ಇದ್ದು, ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

ಹಾಗೆ ನಿಂತಿದ್ದೇ ನನ್ನ ಕಣ್ಣಿಗೆ ಬಿತ್ತು. "ಇನ್ನು ಇವಳು ಆರು ದಿನ ಬಂದು ಮಾಡೋದೇನಿದೆ? ಮಂಗಳವಾರ, ಶುಕ್ರವಾರ ಬಂದರೆ ಸಾಕು" ಎಂದು ಯಜಮಾನರಿಗೆ ಹೇಳಿದೆ.

"ಪಾಪ, ಎಷ್ಟು ವರ್ಷದಿಂದ ಇದ್ದಾಳೆ ಕಣೇ. ಹಾಗೇ ಇರಲಿ ಬಿಡು" ಎಂದರು ಅವರು. ಅವರ ಮೇಲೆ ಹೊರಿಸಲು ನನಗೆ ಏನೂ ಇಲ್ಲ. ಅದು ನನ್ನ ನಿರ್ಧಾರ.

ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ವಿಷಯ ಹೇಳಿದೆ. ತಲೆಯ ಮೇಲೆ ಸಣ್ಣದೊಂದು ವಿಮಾನ ಹಾದುಹೋಗುತ್ತಿತ್ತು, ಎರಡು ಸಲ ಹೇಳಬೇಕಾಯಿತು.

"ಟೋಕನ್ ಮತ್ತೆ ಬೇಗ ಮುಗೀತಿದೆಯಾ ಮಾಮಾ?" ಎಂದು ಕೇಳಿದರು.

"ಇಲ್ಲ ಇಲ್ಲ. ಚೆನ್ನಾಗಿ ಉಳೀತಿದೆ."

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಬುಟ್ಟಿಗೆ ಹಾಕಿದರು. ಆಮೇಲೆ "ಸವಾ" ಎಂದರು. ಸರಿ ಎಂದರ್ಥ. ಮೂರು ವಾರ ಮಂಗಳವಾರ, ಶುಕ್ರವಾರ ಬಂದರು, ಎರಡು ದಿನದ ಕೂಲಿ ತೆಗೆದುಕೊಂಡು ಹೋದರು. ನಾಲ್ಕನೆಯ ವಾರ ಮೆಸೇಜು ಬಂತು: ಎಂಬಕಸಿಯಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದೇನೆ, ಇನ್ನು ಬರಲಾಗುವುದಿಲ್ಲ, ಅಸಾಂಟೆ, ಅಂದರೆ ಧನ್ಯವಾದ. ಒಳ್ಳೆಯದಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಗುರವೆನಿಸಿತು.

ಎರಡು ವರ್ಷ ಕಳೆದ ಮೇಲೆ ಇಲ್ಲಿನ ಕನ್ನಡದವರ ಒಂದು ದೊಡ್ಡ ಸಮಾರಂಭದಲ್ಲಿ ಮನೆಯ ಸೋಲಾರ್ ಬಗ್ಗೆ ಮಾತಾಡಲು ನನ್ನನ್ನೇ ಕರೆದರು. ರೇಷ್ಮೆ ಸೀರೆ ಉಟ್ಟು ಮೈಕಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಮುಗಿಸಿದಾಗ ಮುಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದರು. ಪಾರ್ಕ್‌ಲ್ಯಾಂಡ್ಸ್‌ನ ಅದೇ ಉಡುಪಿಯವರು.

"ಬಿಸಿಲನ್ನು ಬಟ್ಟೆ ಹಾಗೆ ಮಡಿಸಿಡ್ಲಿಕ್ಕೆ ಆಗುವುದಿಲ್ಲ ಅಂತ ನಮ್ಮ ದಾದಾ ಹೇಳ್ತಾ ಇದ್ದಳು ಮಾರಾಯ್ತಿ. ನಾವು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳು ಮತ್ತೆ ನಿಮ್ಮ ಮನೆಗೇ ಅಲ್ವಾ ಬಂದದ್ದು?"

ಸಭೆ ನನ್ನನ್ನೇ ನೋಡುತ್ತಿತ್ತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ಹೌದು. ಇದೆಲ್ಲ ಅವಳೇ ಹೇಳಿಕೊಟ್ಟಿದ್ದು. ನಾನು ನನ್ನದು ಅಂತ ಹೇಳ್ಕೊಂಡು ಬಂದೆ" ಎಂದೆ.

ಜನ ಚಪ್ಪಾಳೆ ತಟ್ಟಿದರು. ಜೋರಾಗಿ. ಕಾರ್ಯಕ್ರಮದ ನಿರೂಪಕರು ಮೈಕು ತೆಗೆದುಕೊಂಡು, ಮನೆಗೆಲಸದವರಿಗೂ ಶ್ರೇಯ ಕೊಡುವ ಇಂಥ ದೊಡ್ಡ ಮನಸ್ಸು ಎಷ್ಟು ಜನಕ್ಕಿದೆ ಎಂದು ಕೇಳಿದರು. ಯಾರೋ ಶಾಲು ಹೊದಿಸಿದರು. ಊಟದ ಸಾಲಿನಲ್ಲಿ ಉಡುಪಿಯವರು ಪಕ್ಕಕ್ಕೆ ಬಂದು, "ಅವಳು ಈಗ ಎಲ್ಲಿದ್ದಾಳೆ?" ಎಂದಾಗ, "ಬೇರೆ ಒಳ್ಳೆ ಕೆಲಸ ಸಿಕ್ಕಿತು ಅಂತ ಬಿಟ್ಟು ಹೋದಳು" ಎಂದೆ. ಶಾಲು ಹೆಗಲ ಮೇಲೇ ಇತ್ತು.

ಆ ವಾರವೆಲ್ಲ ಅನ್ನ ಸೇರಲಿಲ್ಲ. ಶನಿವಾರ ಮೈಸೂರು ಪಾಕ್ ಮಾಡಿ, ಡಬ್ಬಿಗೆ ತುಂಬಿ, ಎಂಬಕಸಿಗೆ ಹೋದೆ. ಶಾಲೆಯ ಹಿಂಭಾಗದಲ್ಲಿ, ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯುತ್ತಿದ್ದ ದೊಡ್ಡ ಪಾತ್ರೆಯ ಪಕ್ಕ ಅವರು ನಿಂತಿದ್ದರು. ಬಿಳಿ ಏಪ್ರನ್ನು, ತಲೆಗೆ ಬಟ್ಟೆ. ನನ್ನನ್ನು ನೋಡಿ ಗಾಬರಿಯಾಗಿ, "ಮಾಮಾ ಧ್ರುವ! ಧ್ರುವ ಹುಷಾರಾಗಿದ್ದಾನಾ?" ಎಂದರು. ಬೆಂಚಿನ ಮೇಲೆ ಕೂತೆವು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಒಪ್ಪಿಸಿದೆ: ಅವತ್ತು ಕಾಫಿ ತಂದಾಗ ನಾನು ಹೇಳಿದ್ದು ಸುಳ್ಳು, ಈಗ ಎಲ್ಲರೆದುರಿಗೂ ಒಪ್ಪಿಕೊಂಡಿದ್ದೇನೆ, ಕ್ಷಮಿಸಬೇಕು.

ಅವರು ಪೂರ್ತಿ ಕೇಳಿಸಿಕೊಂಡರು. ಹಣೆ ಗಂಟಿಕ್ಕಿತು. "ಅದಕ್ಕೆ ಇಷ್ಟು ದೂರ ಬಂದಿರಾ? ಕೇಳಿಸಿತ್ತು ನನಗೆ. ಅದು ನನ್ನದೂ ಅಲ್ಲ, ನಮ್ಮಮ್ಮಂದು. ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರೋದು. ಯಾರು ಹೇಳಿದರೇನು?"

ನನ್ನ ಎದೆಯ ಭಾರ ಇಳಿಯಿತು. ನಿಜವಾಗಿ ಇಳಿಯಿತು, ನಗುವೂ ಬಂತು. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ.

"ಎರಡು ದಿನ ಬಂದರೆ ಸಾಕು ಅಂದಿರಲ್ಲ," ಎಂದರು ಅವರು, "ಆ ಟರ್ಮ್ ನನ್ನ ಮಗಳು ಶಾಲೆಗೆ ಹೋಗಲಿಲ್ಲ. ಫೀಸಿಗೆ ಆಗಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪಾತ್ರೆಯ ಕಡೆ ನೋಡುತ್ತಾ ಹೇಳಿದರು. ಮಗಳಿದ್ದಾಳೆಂದು ನನಗೆ ಗೊತ್ತಿತ್ತು. ಯಾವ ಕ್ಲಾಸು, ಎಲ್ಲಿ ಓದುತ್ತಾಳೆ ಎಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಹೇಳಬಹುದಿತ್ತಲ್ಲ ನೀವು," ಎಂದೆ. ಆ ದಿನವೇ ಮೊದಲ ಬಾರಿ ಅವರಿಗೆ ನೀವು ಎಂದದ್ದು.

"ಹೇಗೆ ಹೇಳಲಿ? ಕರೆಂಟು ಉಳೀತಿದೆ ಅಂತ ನೀವು ಅಷ್ಟು ಖುಷಿಯಾಗಿದ್ದಿರಿ."

"ಈಗ?" ಎಂದೆ.

"ಆಮೇಲೆ ಸೇರಿದಳು. ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ಒಂದು ವರ್ಷ ಹಿಂದೆ ಬಿದ್ದಳು."

ನಾನು ಮತ್ತೆ ಮನೆಗೆ ಬನ್ನಿ ಎಂದೆ, ಆರು ದಿನ, ಮೊದಲಿನ ಹಾಗೆ. ಬೇಡ ಎಂದರು. ಇಲ್ಲಿ ಮಗಳಿಗೆ ಮಧ್ಯಾಹ್ನದ ಊಟವೂ ಸಿಗುತ್ತದೆ, ಮಟಾಟು ವ್ಯಾನು ಹತ್ತುವ ಖರ್ಚೂ ಇಲ್ಲ. ಮಗಳ ಫೀಸು ನಾನು ಕಟ್ಟುತ್ತೇನೆ ಎಂದೆ. ಅದಕ್ಕೂ ತಲೆ ಅಲ್ಲಾಡಿಸಿದರು. "ಈಗ ನಡೀತಿದೆ ಮಾಮಾ." ಮಕ್ಕಳು ತಟ್ಟೆ ಹಿಡಿದು ಸಾಲು ನಿಂತರು. ಅವರು ಎದ್ದು, ಸೌಟು ತೆಗೆದುಕೊಂಡು, ನನ್ನ ಭುಜ ತಟ್ಟಿ ಹೋದರು. ಡಬ್ಬಿಯನ್ನು ಬೆಂಚಿನ ಮೇಲೆ ಬಿಟ್ಟು ಬಂದೆ.

ಕದ್ದದ್ದು ಮಾತನ್ನು ಎಂದುಕೊಂಡು ನಾನು ನಾಚಿಕೆಪಟ್ಟಿದ್ದೆ. ನನ್ನ ಹೆಸರಿಗೆ ಅಂಟಿದ ಕಲೆಯನ್ನು ತೊಳೆದುಕೊಳ್ಳಲು ಅಷ್ಟು ದೂರ ಹೋಗಿದ್ದೆ. ಆ ಹುಡುಗಿಯ ಒಂದು ವರ್ಷ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಈಗಲೂ ನಮ್ಮವರು ಸೋಲಾರ್ ಬಗ್ಗೆ ಮಾತಾಡಲು ಕರೆಯುತ್ತಾರೆ. ನಾನು ಹೋಗುತ್ತಿಲ್ಲ. ಅವತ್ತು ಚಪ್ಪಾಳೆ ತಟ್ಟಿದವರಿಗೆ ನಾನು ಹೇಳಿದ್ದು ಅರ್ಧ. ಉಳಿದರ್ಧ ಇದು. ಓದಿದ ಮೇಲೆ ಅವರು ನನ್ನನ್ನು ಏನಾದರೂ ಅಂದುಕೊಳ್ಳಲಿ, ದೊಡ್ಡ ಮನಸ್ಸಿನವಳು ಎಂದು ಮಾತ್ರ ಅನ್ನದಿರಲಿ.