ಕಿತ್ತ ತಂತಿಯ ಉತ್ತರ

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವನನ್ನು ಎಲ್ಲರೂ ಪಂಡಿತ ಎನ್ನುತ್ತಿದ್ದರು. ನಗುತ್ತ ಇಟ್ಟ ಹೆಸರು. ಅವನು ಅದನ್ನು ಬಿರುದೆಂದು ತಿಳಿದಿದ್ದ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಚೆನ್ನಾಗಿ ಕಲಿತದ್ದು ಒಂದೇ ವಿದ್ಯೆ: ಏನು ಕೆಟ್ಟರೂ ಕೆಳಗಿನವರ ತಲೆಗೆ ಕಟ್ಟುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ನೆಲ ಗುಡಿಸುವವಳೇ ಡೊಂಕು. ಆಕೆಯನ್ನು ಉಳಿದವರೆಲ್ಲ ಅಕ್ಕ ಎಂದು ಕರೆದರೂ, ಇವನು ಮಾತ್ರ ಅವಳು ಪೊರಕೆ ಹಿಡಿದು ಬಂದರೆ ಕುರ್ಚಿಯಿಂದ ಕಾಲು ಕೂಡ ಎತ್ತುತ್ತಿರಲಿಲ್ಲ.

ಅಂದು ಬೆಳಗ್ಗೆ ಲ್ಯಾಬಿನ ಸರ್ವರ್ ಕೈಕೊಟ್ಟಿತು. ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ರಕ್ತಪರೀಕ್ಷೆಯ ವರದಿಗಳು ವಾರ್ಡಿಗೆ ಹೋಗದೆ ನಿಂತವು. ಪಂಡಿತ ಕೂತಲ್ಲೇ ತೀರ್ಪು ಕೊಟ್ಟ: ಅಕ್ಕ ಪೊರಕೆಯಿಂದ ಕೇಬಲ್ ಎಳೆದಿದ್ದಾಳೆ. ಹೀಗೆಯೇ ಎರಡು ಸಲ ಅವಳ ಮೇಲೆ ದೂರು ಬರೆದಿದ್ದ. ಮೂರನೆಯದು ಬಿದ್ದರೆ ಅವಳ ಕೆಲಸ ಹೋಗುತ್ತಿತ್ತು.

ಲ್ಯಾಬಿನ ಮೇಡಂ, "ಬರೆಯೋದು ಆಮೇಲೆ, ಮೊದಲು ನನ್ನೆದುರಿಗೆ ನೋಡಿ" ಎಂದು ಇಬ್ಬರನ್ನೂ ಸರ್ವರ್ ಕೋಣೆಗೆ ಕರೆತಂದರು. ಕೇಬಲ್ ಭದ್ರವಾಗಿತ್ತು, ಹಸಿರು ದೀಪ ಮಿನುಗುತ್ತಿತ್ತು. ಪಂಡಿತ ಲ್ಯಾಪ್‌ಟಾಪಿನಿಂದ ಸರ್ವರಿನ ನೆಟ್‌ವರ್ಕ್ ವಿಳಾಸಕ್ಕೆ ಪಿಂಗ್ ಕೊಟ್ಟ, 'ಇದ್ದೀಯಾ?' ಎಂದು ಕೂಗಿ ಕೇಳುವ ಹಾಗೆ. 'ಇದ್ದೇನೆ' ಎಂಬ ಉತ್ತರ ಸಾಲುಸಾಲಾಗಿ ಬಂತು.

"ಒಳಗೆ ಸಡಿಲ ಆಗಿದೆ ಮೇಡಂ. ತೆಗೆದು ಹಾಕ್ತೀನಿ, ನೋಡಿ," ಎಂದು ಠೀವಿಯಿಂದ ಸರ್ವರಿನ ಕೇಬಲ್ ಕಿತ್ತ.

ಪರದೆಯ ಮೇಲೆ ಉತ್ತರ ಬರುತ್ತಲೇ ಇತ್ತು.

ಅಕ್ಕ ಕೇಳಿದಳು: "ಸರ್, ತಂತಿ ನಿಮ್ಮ ಕೈಯಲ್ಲೇ ಇದೆಯಲ್ಲ. ಮತ್ತೆ ಇದ್ದೀನಿ ಅಂತಿರೋದು ಯಾರು?"

ಪಂಡಿತನಿಗೆ ಆಗ ಹೊಳೆಯಿತು. ಒಂದೇ ವಿಳಾಸ ಎರಡು ಯಂತ್ರಕ್ಕಿದ್ದರೆ ಹೀಗಾಗುತ್ತದೆ. ಹಿಂದಿನ ಸಂಜೆ ಸಿನಿಮಾ ನೋಡಲೆಂದು ಈ ಮಹಾಶಯ ತನ್ನ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಜೋಡಿಸಿದ್ದ. ವಿಳಾಸಗಳ ಪಟ್ಟಿ ತೆರೆದು ನೋಡಲು ಸೋಮಾರಿತನ. ಬಾಯಿಪಾಠವಾಗಿದ್ದ ಲ್ಯಾಬ್ ಸರ್ವರಿನ ವಿಳಾಸವನ್ನೇ ಅದಕ್ಕೆ ಕೊಟ್ಟಿದ್ದ.

"ಸ್ವಲ್ಪ ಹೊತ್ತು ಹಾಗೇ ಬರುತ್ತೆ ಮೇಡಂ," ಎಂದು ತೊದಲಿದ.

"ಅವರ ಮೇಜಿನ ಕೆಳಗೆ ನಿನ್ನೆಯಿಂದ ಒಂದು ಡಬ್ಬ ಇದೆ," ಎಂದಳು ಅಕ್ಕ. "ಗುಡಿಸುವಾಗ ಮುಟ್ಟಬೇಡ ಅಂದಿದ್ರು. ನಾನು ಮುಟ್ಟಿಲ್ಲ."

ಮೇಡಂ ಹೋಗಿ ಅದನ್ನು ಆರಿಸಿದರು. ಉತ್ತರ ನಿಂತಿತು. ಸರ್ವರಿಗೆ ಕೇಬಲ್ ಸಿಕ್ಕಿಸಿದ ಮೇಲೆ ವರದಿಗಳು ವಾರ್ಡಿಗೆ ಹೊರಟವು. ಮೇಡಂ ದೂರಿನ ಹಾಳೆಯನ್ನು ಪಂಡಿತನ ಮೇಜಿನ ಮೇಲಿಟ್ಟು, "ಈಗ ಬರೀರಿ. ಹಿಂದಿನ ಎರಡು ಸಲ ನಿಜವಾಗಿ ಏನಾಗಿತ್ತು ಅಂತಾನೂ ಬರೀರಿ" ಎಂದರು.

ಅವನು ಪೆನ್ನು ಹಿಡಿದು ಕೂತ. ಅಕ್ಕ ಪೊರಕೆ ತಂದಳು.

"ಕಾಲು ಎತ್ತಿ ಸರ್."

ಎತ್ತಿದ.