ಪ್ಯಾಸೆಂಜರ್ ಇಲ್ಲದ ಬಸ್ಸು

ಮಳವಳ್ಳಿಯಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬ ರಿಟೈರ್ಡ್ ಬಸ್ ಡ್ರೈವರ್ ಇದ್ದರು. ರೆಸ್ಟ್‌ಲೆಸ್ ಮನುಷ್ಯ, ಕಾಫಿ ಕುಡಿಯುವಾಗಲೂ ಅವರ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಗಳ ಹಳೇ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಗೇಮ್ ಆಡುತ್ತಿದ್ದರು. ಅದು ತಡೆತಡೆದು ಓಡುತ್ತಿತ್ತು. ಜರ್ಕ್ ಎಂದರೆ ಅವರಿಗೆ ಅವಮಾನ. ಚಿತ್ರದಲ್ಲಿ ವಿವರ ಕಡಿಮೆ ಮಾಡಿದಷ್ಟೂ ಗೇಮ್ ಸರಾಗ ಓಡುತ್ತದೆಂದು, ಸೆಟಿಂಗ್ಸ್‌ನ ಇಂಗ್ಲಿಷ್ ಓದಿ ಹೇಳಲು ನನ್ನನ್ನು ಕರೆಯುತ್ತಿದ್ದರು.

"ಶ್ಯಾಡೋಸ್ ಅಂತಿದೆ."

"ನೆಳ್ಳು ಯಾಕ್ ಬೇಕು ಟೀಚರಮ್ಮ? ಇನ್ನೊಂಚೂರು ಕಮ್ಮಿ ಮಾಡನ."

ನೆರಳು ಹೋಯಿತು, ಹುಲ್ಲು ಹೋಯಿತು. "ಇನ್ನೊಂಚೂರು ಕಮ್ಮಿ ಮಾಡನ." ಒಂದು ಮಧ್ಯಾಹ್ನ ಪ್ಯಾಸೆಂಜರ್ಸ್ ಎಂಬುದನ್ನೂ ಸೊನ್ನೆಗೆ ಇಳಿಸಿದೆವು. ಹೌ ಸ್ಮೂತ್! ಬಸ್ಸು ಬೆಣ್ಣೆಯಂತೆ ಜಾರಿತು.

"ಇಂಗಿರ್ಬೇಕು ಗಾಡಿ!" ಎಂದು ತೊಡೆ ತಟ್ಟಿದರು.

ಸ್ಟಾಪ್ ಬಂತು. ನಿಲ್ಲಿಸಿ ಬಾಗಿಲು ತೆರೆದರು. ಯಾರೂ ಹತ್ತಲಿಲ್ಲ. ಮುಂದಿನ ಸ್ಟಾಪಿನಲ್ಲೂ ಕಾದರು. ಕಾಲು ಕುಣಿಯತೊಡಗಿತು.

"ಇದೇನ್ ಡಿಪೋಗೆ ಓಗೋ ಗಾಡಿನಾ? ಜನಾನ ಆಕಿ ಟೀಚರಮ್ಮ."

"ಮತ್ತೆ ಜರ್ಕ್ ಹೊಡೆಯುತ್ತೆ."

"ಒಡೀಲಿ ಬುಡಿ. ನಮ್ ರೋಡಲ್ಲಿ ಒಡೀತಿರ್ಲಿಲ್ವಾ?"

ಬಸ್ಸು ತುಂಬಿತು, ಎಗರೆಗರಿ ಹೊರಟಿತು. ಮನೆಗೆ ಹೊರಟು ಬಾಗಿಲಲ್ಲಿ ನಿಂತಿದ್ದ ನನಗೆ, ಅವರು ತಲೆ ತಿರುಗಿಸದೆಯೇ ಹೇಳಿದರು: "ಡೋರ್ ತಾವ್ ನಿಂತ್ಕಬ್ಯಾಡಿ, ಒಳಿಕ್ ಬನ್ನಿ."

ನಾನು ಒಳಗೆ ಬಂದು, ಅವರ ಕುರ್ಚಿಯ ಬೆನ್ನು ಹಿಡಿದು ನಿಂತೆ.