ದೊಡ್ಡಮ್ಮನ ಕಳ್ಳ ಹೊಲಿಗೆ

ನನ್ನ ದೊಡ್ಡಮ್ಮ ಎಷ್ಟೋ ವರ್ಷ ಕದ್ದುಮುಚ್ಚಿ ಹೊಲಿದಳು. ಬಾಡಿಗೆ ಮನೆಯಲ್ಲಿ ಹೊಲಿಗೆ ಮಿಷನ್ ಇಡಬಾರದೆಂದು ಓನರ್ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಗಂಡ ತೀರಿಕೊಂಡ ಮೇಲೆ ಆ ಮಿಷನ್ನೇ ಅವಳ ಅನ್ನ. ಹಾಗಾಗಿ ಅದರ ಕಾಲಡಿಗೆ ಹಳೇ ಕಂಬಳಿ ಮಡಚಿ ಹಾಕಿ, ಒಂದು ಕಿವಿಯನ್ನು ಮೆಟ್ಟಿಲ ಕಡೆಗೇ ಇಟ್ಟು ಹೊಲಿಯುತ್ತಿದ್ದಳು. ಓನರಿನ ಚಪ್ಪಲಿ ಸದ್ದು ಕೇಳಿದರೆ ಸಾಕು, ಮಿಷನ್ ಮೇಲೆ ದುಪ್ಪಟಿ, ಅದರ ಮೇಲೆ ತರಕಾರಿ ತಟ್ಟೆ. ಬೀನ್ಸಿನ ನಾರು ತೆಗೆಯುತ್ತಾ, "ಬನ್ನಿ, ಕೂತ್ಕೊಳ್ಳಿ" ಎನ್ನುವಳು. ಅಷ್ಟು ಬೀನ್ಸ್ ತಿನ್ನುವ ಮನೆ ನಮ್ಮದಾಗಿರಲಿಲ್ಲ.

ಆ ಓನರ್ ಕಟ್ಟಡ ಮಾರಲು ಹೊರಟಾಗ ನಾವೆಲ್ಲ ಬೀದಿಪಾಲಾಗುವುದಿತ್ತು. ಬಾಡಿಗೆದಾರರೇ ಸಂಘ ಕಟ್ಟಿಕೊಂಡು, ಸಾಲ ಎತ್ತಿ, ಕಟ್ಟಡವನ್ನು ಕೊಂಡರು. ನೆಲಮಹಡಿಯಲ್ಲಿ ಸಂಘದ್ದೇ ದಿನಸಿ ಅಂಗಡಿ. ಯಾವ ಮನೆಯೂ ಒಬ್ಬರದಲ್ಲ, ಎಲ್ಲವೂ ಎಲ್ಲರದು, ಮನೆಗೊಂದು ಮತ. ದೊಡ್ಡಮ್ಮ ಮಿಷನ್ನನ್ನು ಕಿಟಕಿ ಪಕ್ಕಕ್ಕೆ ಎಳೆದು, ಬಾಗಿಲು ತೆರೆದಿಟ್ಟು ರಾಜಾರೋಷವಾಗಿ ಹೊಲಿದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡದ್ದೇ ಇಲ್ಲ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಅಂಗಡಿಯ ಅಕ್ಕಿ ಮೂಟೆಗಳ ಮೇಲೆ ಕೂತು ಸಭೆ ನಡೆಸುತ್ತಿದ್ದಾಗ, ನಮ್ಮ ಕೆಳಗಿನ ಮನೆಯ ಬಸ್ ಡ್ರೈವರ್ ಎದ್ದು ನಿಂತ.

"ನನಗೆ ರಾತ್ರಿ ಪಾಳಿ. ಹಗಲು ಮಿಷನ್ ಸದ್ದಿಗೆ ಕಣ್ಣು ಮುಚ್ಚೋಕಾಗ್ತಿಲ್ಲ. ಏನಾದ್ರೂ ಒಂದು ನಿಯಮ ಮಾಡಿ."

ಸಂಘದ ಕಾರ್ಯದರ್ಶಿಗೆ ಮನೆಗೆ ಹೋಗುವ ಅವಸರ. "ಮನೇಲಿ ಮಿಷನ್ನೇ ಬೇಡ ಅಂತ ಮಾಡಿಬಿಡೋಣ. ಒಪ್ಪೋರು ಕೈ ಎತ್ತಿ" ಎಂದ. ಕೆಲವು ಕೈಗಳು ಎದ್ದೂಬಿಟ್ಟವು.

ದೊಡ್ಡಮ್ಮ ಡ್ರೈವರಿನ ಮೇಲೆ ಹರಿಹಾಯ್ದಳು. "ಆ ಓನರ್ ಹೋದ ಅಂದ್ರೆ ನೀನೊಬ್ಬ ಹುಟ್ಕೊಂಡ್ಯಾ? ನನ್ನ ಹೊಟ್ಟೆ ಮೇಲೆ ಯಾಕಪ್ಪಾ ಹೊಡೀತೀಯ? ಇಷ್ಟು ವರ್ಷ ಇಲ್ಲದ ಸದ್ದು ಈಗೆಲ್ಲಿಂದ ಬಂತು?"

"ಇಷ್ಟು ವರ್ಷಾನೂ ಇತ್ತು ಅಕ್ಕಾ. ನಾನು ಬಾಯಿ ಬಿಟ್ಟಿದ್ರೆ ಓನರ್ ನಿಮ್ಮನ್ನ ಹೊರಗೆ ಹಾಕ್ತಿದ್ದ. ನಿಮಗೇ ಹೇಳಿದ್ರೂ, ಇವನು ಹೋಗಿ ಚಾಡಿ ಹೇಳ್ತಾನೆ ಅಂತ ಹೆದರಿ ಹೊಲಿಯೋದೇ ಬಿಡ್ತಿದ್ರಿ. ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಿದ್ದೆ. ಈಗ ನಿಮ್ಮನ್ನ ಯಾರೂ ಹೊರಗೆ ಹಾಕೋಹಾಗಿಲ್ಲ. ಈಗಲಾದ್ರೂ ಹೇಳ್ಬಹುದು ಅಂದ್ಕೊಂಡೆ."

ಎತ್ತಿದ ಕೈಗಳು ಮೆಲ್ಲಗೆ ಇಳಿದವು. ಓನರಿನ ಕಣ್ಣಿಗೆ ಮಣ್ಣೆರಚಿದ್ದು ತನ್ನೊಬ್ಬಳ ಜಾಣತನ ಎಂದು ದೊಡ್ಡಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಅವಳು ಅಷ್ಟು ಜನರೆದುರು ಅತ್ತುಬಿಡುತ್ತಾಳೇನೋ ಎಂದು ನನಗೆ ಭಯವಾಯಿತು.

"ಎಷ್ಟು ಹೊತ್ತಿಗೆ ಏಳ್ತೀಯಪ್ಪಾ?" ಎಂದಳು.

"ಮಧ್ಯಾಹ್ನ ಊಟದ ಹೊತ್ತಿಗೆ."

"ಹಾಗಾದ್ರೆ ಅಲ್ಲೀವರೆಗೂ ಬಟ್ಟೆ ಕತ್ತರಿಸ್ಕೋತೀನಿ. ಕತ್ತರಿ ಸದ್ದು ಕೆಳಗೆ ಬರಲ್ಲ. ನೀನು ಮಲ್ಕೋ."